ನನ್ನ ಮುದ್ರಕರಿಗೆ, ಮತ್ತು ನಿಮಗೆಲ್ಲರಿಗೆ

ನನ್ನ ಮೊದಲ ಸೀಮಿತ ಆವೃತ್ತಿಯ ಸೆರಿಗ್ರಾಫ್, ಎಂದರೆ ಪರದೆಯ ಮೂಲಕ ಕಾಗದಕ್ಕೆ ಬಣ್ಣ ಇಳಿಸುವ ಅಚ್ಚಿನ ಚಿತ್ರ, ಮುಗಿಯಿತು. 30 ಹಾಳೆಗಳಿಗೂ ಪೆನ್ಸಿಲಿನಲ್ಲಿ ಸಂಖ್ಯೆ ಬರೆದು ರುಜು ಹಾಕಿದ್ದೇನೆ. ಕಳೆದ ಮಳೆಗಾಲದಲ್ಲಿ ಅಮ್ಮ ತೀರಿಕೊಂಡದ್ದು ನಿಮಗೆಲ್ಲ ಗೊತ್ತು, ಮತ್ತೆ ಹೇಳುವುದಿಲ್ಲ. ಹೇಳಲೇಬೇಕಾದದ್ದು ನನ್ನ ಮುದ್ರಕರ ವಿಷಯ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ.

ಬೆಂಗಳೂರಿನ ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆ ಮುದ್ರಿಸುತ್ತ ಕೈ ಪಳಗಿಸಿಕೊಂಡವರು ಅವರು. ಗೆರೆಗಳಿರುವ ಚಿತ್ರದಲ್ಲಿ ಸಣ್ಣಪುಟ್ಟ ದೋಷ ಮರೆಯಾಗುತ್ತದೆ. ನನ್ನದು ಬರೀ ಬಣ್ಣದ ಹರವು. ಪರದೆಯ ಮೇಲೆ ರಬ್ಬರ್ ಪಟ್ಟಿ ಎಳೆಯುವಾಗ ಕೈ ಒಂದು ಕ್ಷಣ ತಡೆದರೂ ಅಡ್ಡಗೆರೆ ಬೀಳುತ್ತದೆ. ತೇವಕ್ಕೆ ಕಾಗದ ಹಿಗ್ಗಿದರೆ ಮುಂದಿನ ಬಣ್ಣ ಅಂಚು ತಪ್ಪುತ್ತದೆ. ಅಂಥ 11 ಬಣ್ಣಗಳನ್ನು ಒಂದರ ಮೇಲೊಂದು ಕೂರಿಸಿದರು. ನಾನು ಇನ್ನಷ್ಟು ಕೆಂಪು ಬೇಕೆಂದರೆ, "ಒಣಗಲಿ ಮೇಡಂ, ಆಮೇಲೆ ನೋಡೋಣ" ಎನ್ನುತ್ತಿದ್ದರು. ಒಣಗಿದ ಮೇಲೆ ಅವರ ಕಣ್ಣೇ ಸರಿಯಿರುತ್ತಿತ್ತು.

ಆ ರಾತ್ರಿ ನಾನು ಫೋನ್ ಎತ್ತದಿದ್ದಾಗ ಆಸ್ಪತ್ರೆಗೇ ಬಂದರು. ಬೆಳಗಿನವರೆಗೂ ಹೊರಗಿನ ಕಬ್ಬಿಣದ ಬೆಂಚಿನಲ್ಲಿ ನನ್ನ ಪಕ್ಕ ಕುಳಿತಿದ್ದರು. ಚಿತ್ರದ ಮಾತೆತ್ತಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಔಷಧಿ ಚೀಟಿ ಬಂದಾಗಲೆಲ್ಲ ಎದ್ದು ಹೋಗಿ ತಂದುಕೊಟ್ಟರು. ಅವರ ಉಗುರಿನ ಸಂದಿಯಲ್ಲಿ ನನ್ನ ಚಿತ್ರದ ಕಡುನೇರಳೆ ಉಳಿದಿತ್ತು. ವೈದ್ಯರು ಹೊರಬಂದು ಹೇಳಿದಾಗ ನಾನು ನೋಡುತ್ತಿದ್ದದ್ದು ಅದನ್ನೇ. ಅಮ್ಮ ಆ ಹಾಳೆಯನ್ನು ನೋಡಲೇ ಇಲ್ಲ. ಅವಳದ್ದೇ ಬಣ್ಣ, ಅವಳಿಗೇ ಸಿಗಲಿಲ್ಲ. ಇದನ್ನು ನಾನು ಇನ್ನೂ ಒಪ್ಪಿಕೊಂಡಿಲ್ಲ.

ಹಿಪ್ಪುನೇರಳೆ ಹಣ್ಣಿನ ಬಣ್ಣ ಅದು. ರಾಮನಗರದ ಕಡೆಯ ಅಮ್ಮನ ತವರಿನಲ್ಲಿ ರೇಷ್ಮೆ ಸಾಕುತ್ತಿದ್ದರು. ಅಮೆರಿಕದ ಕಲಾವಿದೆ ಹೆಲೆನ್ ಫ್ರಾಂಕೆಂಥೇಲರ್ 1977ರಲ್ಲಿ ‘ಎಸೆನ್ಸ್ ಮಲ್ಬೆರಿ’ ಎಂಬ ಮರದಚ್ಚಿನ ಚಿತ್ರ ಮಾಡಿದರು. ಮುದ್ರಣ ಕಾರ್ಯಾಗಾರದ ಹೊರಗಿದ್ದ ಹಿಪ್ಪುನೇರಳೆಯ ಹಣ್ಣಿನಿಂದ ಹುಟ್ಟಿದ ಬಣ್ಣ. ಚಿತ್ರಕಲಾ ಪರಿಷತ್ತಿನಲ್ಲಿ ಓದುವಾಗ ಅದರ ಪ್ರತಿಯನ್ನು ಅಮ್ಮನಿಗೆ ತೋರಿಸಿದ್ದೆ. "ನಮ್ಮ ತೋಟದ ಹಣ್ಣು" ಎಂದಳು, ತಕ್ಷಣ. ಬರೀ ಬಣ್ಣ ಬಳಿದರೆ ಚಿತ್ರವಾಗುತ್ತದೆಯೇ ಎಂದು ಬಂಧುಬಳಗವೆಲ್ಲ ಕೇಳಿದೆ. ಅವಳೊಬ್ಬಳು ಎಂದೂ ಕೇಳಲಿಲ್ಲ.

ಅಮ್ಮ ಹೋದ ಮೇಲೆ ನಾನು ನನ್ನ ಮುದ್ರಕರ ಕಾರ್ಯಾಗಾರದತ್ತ ಸುಳಿಯಲಿಲ್ಲ. ಮದುವೆ ಕಾಲ ಬಂತು, ಲಗ್ನಪತ್ರಿಕೆಗಳಿಗೆ ಪರದೆಯ ಚೌಕಟ್ಟುಗಳು ಬೇಕಿದ್ದವು. ನನ್ನ ಪರದೆಗಳನ್ನು ತೊಳೆದು ಅವುಗಳಲ್ಲಿದ್ದ ಚಿತ್ರವನ್ನು ಅಳಿಸಿಬಿಟ್ಟಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಅವರು ಬಂದ ಕೆಲಸವನ್ನೇ ಬಿಟ್ಟುಕೊಟ್ಟು, ಪರದೆಗಳನ್ನು ಹಾಗೆಯೇ ಕಾಪಾಡಿದರು. ಅದರಿಂದ ಅವರಿಗಾದ ನಷ್ಟವೆಷ್ಟು ಎಂದು ಇವತ್ತಿಗೂ ಹೇಳಿಲ್ಲ.

ಕಾಗದ ಕಡವಾಗಿ ಕೊಟ್ಟ ಅಂಗಡಿಯವರು, ಚೌಕಟ್ಟು ಹಾಕಿದ ಗೆಳೆಯ, ಊಟ ಕಳಿಸಿದ ಅಕ್ಕಂದಿರು, ಪರಿಷತ್ತಿನ ಗುರುಗಳು, ಮುದ್ರಣಕ್ಕೆ ಮೊದಲೇ ಹಣ ಕೊಟ್ಟು ಹಾಳೆ ಕಾಯ್ದಿರಿಸಿದವರು: ನಿಮ್ಮೆಲ್ಲರ ಋಣ ನನ್ನ ಮೇಲಿದೆ.

ಮೊನ್ನೆ ಮುದ್ರಕರು ನನ್ನೆದುರೇ ಪರದೆಗಳನ್ನು ತೊಳೆದರು. 31ನೆಯ ಹಾಳೆ ಇನ್ನು ಬರುವುದಿಲ್ಲ. ಆವೃತ್ತಿಯ ಲೆಕ್ಕಕ್ಕೆ ಸೇರದ ‘ಮುದ್ರಕರ ಪ್ರತಿ’ಯನ್ನು ಅವರ ಕೈಗೆ ಕೊಟ್ಟೆ. ಮುಂದಿನ ಚಿತ್ರಕ್ಕೆ ಹಳದಿ ಮೊದಲು ಹೋಗಬೇಕೆಂದು ಅವರು, ಕೊನೆಗೆ ಎಂದು ನಾನು. ಸೋಮವಾರ ಎರಡನ್ನೂ ಎಳೆದು ನೋಡುತ್ತೇವೆ.