ಸೇದುವವರಿಗೆ ಬೈಗುಳ ಸಾಕು, ಬೆಂಬಲ ಕೊಡಿ

ಸಂಪಾದಕರೇ,

ಸಿಗರೇಟು ಕೆಟ್ಟದ್ದು ಅಂತ ಸೇದುವವರಿಗೆ ಗೊತ್ತಿಲ್ಲವೇ? ಗೊತ್ತಿದೆ. ಪ್ಯಾಕಿನ ಮೇಲೆಯೇ ಚಿತ್ರ ಸಮೇತ ಇರುತ್ತದೆ. ಆದರೂ ನಾವು ಬುದ್ಧಿ ಹೇಳುವುದೇ ಜಾಸ್ತಿ.

ನನ್ನ ಅಪ್ಪ ಮೂರು ಸಲ ಬಿಡಲು ನೋಡಿದರು. ಪ್ರತಿ ಸಲವೂ ನಿದ್ದೆ ಬರುತ್ತಿರಲಿಲ್ಲ, ಸಣ್ಣದಕ್ಕೂ ಸಿಡುಕುತ್ತಿದ್ದರು. 'ಮನಸ್ಸು ಗಟ್ಟಿ ಇಲ್ಲ' ಅಂತ ನಾವೆಲ್ಲ ಅಂದೆವು. ಈಗ ನೆನೆದರೆ ಸಂಕಟವಾಗುತ್ತದೆ. ಹೊಗೆ ಎಳೆದ 10–20 ಸೆಕೆಂಡಿನಲ್ಲೇ ತಂಬಾಕಿನಲ್ಲಿರುವ, ಚಟ ಹಿಡಿಸುವ ನಿಕೋಟಿನ್ ಮೆದುಳು ಮುಟ್ಟುತ್ತದೆ. ದಿನಕ್ಕೆ ನೂರಾರು ಸಲ ಅದಕ್ಕೆ ಒಗ್ಗಿಹೋದ ಮೆದುಳು ಒಂದೇ ದಿನಕ್ಕೆ ಸುಮ್ಮನಾಗುವುದಿಲ್ಲ. ಮೊದಲ ಕೆಲವು ದಿನ ತೀರಾ ಕಷ್ಟ. ಆದರೆ ಸೇದಬೇಕೆನ್ನುವ ತುಡಿತ ಒಂದೊಂದು ಸಲಕ್ಕೆ ಕೆಲವೇ ನಿಮಿಷ ಇರುತ್ತದೆ. ಇದನ್ನು ಅಪ್ಪನಿಗೆ ಯಾರೂ ಹೇಳಲಿಲ್ಲ.

ಕಾನೂನುಗಳು ಬೇಕು, ನಿಜ. ತೆರಿಗೆ ಏರಿಸಿದರೆ ಸೇದುವುದು ಕಡಿಮೆಯಾಗುತ್ತದೆ. ಆಸ್ಟ್ರೇಲಿಯಾ 2012ರಲ್ಲೇ ಪ್ಯಾಕಿನ ಬಣ್ಣ, ಲೋಗೋ ತೆಗೆಸಿತು. ಆದರೆ 2005ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ಒಪ್ಪಂದ, ಬಿಡುವವರಿಗೆ ನೆರವು ಕೊಡಬೇಕು ಅಂತಲೂ ಹೇಳುತ್ತದೆ. ಆಪ್ತಸಲಹೆ, ಹೊಗೆಯಿಲ್ಲದೆ ಸ್ವಲ್ಪ ನಿಕೋಟಿನ್ ಕೊಟ್ಟು ತುಡಿತ ತಗ್ಗಿಸುವ ಚೂಯಿಂಗ್ ಗಮ್, ಚರ್ಮಕ್ಕೆ ಅಂಟಿಸುವ ಪ್ಯಾಚ್ ಇವೆಲ್ಲ ಕೆಲಸ ಮಾಡುತ್ತವೆ. ಆ ಮಾತು ಮಾತ್ರ ಎಲ್ಲೂ ಜೋರಾಗಿ ಕೇಳಿಸುವುದಿಲ್ಲ, ಅಲ್ವಾ?

ಬಿಟ್ಟ 20 ನಿಮಿಷಕ್ಕೇ ಹೃದಯದ ಬಡಿತ ಇಳಿಯತೊಡಗುತ್ತದೆ. ವರ್ಷ ಕಳೆದರೆ, ಸೇದುವವರಿಗೆ ಹೋಲಿಸಿದಾಗ ಹೃದ್ರೋಗದ ಅಪಾಯ ಸುಮಾರು ಅರ್ಧಕ್ಕೆ ಬರುತ್ತದೆ. ಮೇ 31ರ ತಂಬಾಕು ರಹಿತ ದಿನದಂದು ಪತ್ರಿಕೆಗಳು ರೋಗದ ಚಿತ್ರ ಹಾಕುತ್ತವೆ. ಈ ಸಲ ಬಿಟ್ಟು ಗೆದ್ದವರ ಅನುಭವವನ್ನೂ ದಯವಿಟ್ಟು ಪ್ರಕಟಿಸಿ.

– ಒಬ್ಬ ಓದುಗ