ಏಜೆಂಟರೇ, 17ಸಿ ಪಡೆಯದೆ ಮತಗಟ್ಟೆ ಬಿಡಬೇಡಿ

ಮಾನ್ಯ ಸಂಪಾದಕರೇ,

2024ರ ಲೋಕಸಭಾ ಚುನಾವಣೆಯ ಜಗಳ ರಾಜ್ಯದಲ್ಲಿ ಇನ್ನೂ ತಣ್ಣಗಾಗಿಲ್ಲ. ಸೋತವರಿಗೆ ಮತಯಂತ್ರದ ಮೇಲೆ ಗುಮಾನಿ, ಗೆದ್ದವರಿಗೆ ಅದೇ ಯಂತ್ರ ದೇವರು. 2023ರ ಮೇ ತಿಂಗಳಲ್ಲಿ ವಿಧಾನಸಭೆಗೆ ಕಾಂಗ್ರೆಸ್ಸಿನ 135 ಮಂದಿ ಆರಿಸಿ ಬಂದದ್ದೂ, ವರ್ಷ ಕಳೆದು ಲೋಕಸಭೆಯ 28 ಸ್ಥಾನಗಳಲ್ಲಿ ಬಿಜೆಪಿಗೆ 17, ಕಾಂಗ್ರೆಸ್ಸಿಗೆ 9, ಜೆಡಿಎಸ್‌ಗೆ 2 ದಕ್ಕಿದ್ದೂ ಇದೇ ಬಗೆಯ ಯಂತ್ರಗಳಿಂದ. ಯಂತ್ರ ಸರಿಯೋ ತಪ್ಪೋ ಎಂದು ಟಿ.ವಿ. ಮುಂದೆ ಕೂಗಾಡುವ ಮುಖಂಡರನ್ನು ಒಂದು ಪ್ರಶ್ನೆ ಕೇಳಬೇಕು: ನಿಮ್ಮ ಬೂತಿನ 17ಸಿ ಎಲ್ಲಿದೆ? ಬಹಳಷ್ಟು ಮಂದಿಗೆ ಪ್ರಶ್ನೆಯೇ ಅರ್ಥವಾಗುವುದಿಲ್ಲ.

ನಮೂನೆ 17ಸಿ ಅಂದರೆ ಮತಗಟ್ಟೆಯ ಲೆಕ್ಕದ ಹಾಳೆ. ಮತದಾನ ಮುಗಿದ ಮೇಲೆ ಪಿಆರ್‌ಒ, ಅಂದರೆ ಮತಗಟ್ಟೆಯ ಅಧ್ಯಕ್ಷಾಧಿಕಾರಿ, ಅದನ್ನು ತುಂಬಿ, ಸಹಿ ಹಾಕಿ, ಅಲ್ಲಿ ಹಾಜರಿರುವ, ಅಭ್ಯರ್ಥಿಗಳ ಪರವಾಗಿ ಕೂತ ಪ್ರತಿ ಏಜೆಂಟನಿಗೂ ನಕಲು ಕೊಡಬೇಕು. ಇದು ದಾಕ್ಷಿಣ್ಯವಲ್ಲ, ಚುನಾವಣೆ ನಡೆಸುವ 1961ರ ನಿಯಮಾವಳಿಯ 49ಎಸ್ ನಿಯಮ ಹೇಳುವ ಕರ್ತವ್ಯ. ಆದರೆ ‘ಹಾಜರಿರುವ’ ಎಂಬ ಮಾತನ್ನು ಗಮನಿಸಿ. ಎದ್ದು ಹೋದವನ ಮನೆಗೆ ಯಾರೂ ತಂದುಕೊಡುವುದಿಲ್ಲ.

ಹಾಳೆಯ ಲೆಕ್ಕ ಮೂರನೇ ತರಗತಿಯದು. ಮತ ಹಾಕಲು ಬಂದವರು ಸಹಿ ಮಾಡುವ ಪುಸ್ತಕ 17ಎ. ಅದರ ಕೊನೆಯ ಕ್ರಮಸಂಖ್ಯೆ 812 ಎಂದಿಟ್ಟುಕೊಳ್ಳಿ. ಸಹಿ ಮಾಡಿದ ಮೇಲೆ ಮತ ಹಾಕಲ್ಲ ಎಂದವರು ಇಬ್ಬರು (49ಒ). ಮತದ ಗೋಪ್ಯತೆ ಮುರಿದದ್ದಕ್ಕೆ ಮತ ಹಾಕಲು ಬಿಡದೆ ಕಳಿಸಿದವರು ಒಬ್ಬರು (49ಎಂ). ಹಾಗಿದ್ದರೆ ಕಂಟ್ರೋಲ್ ಯೂನಿಟ್ಟಿನ, ಅಂದರೆ ಅಧಿಕಾರಿಯ ಬಳಿ ಇರುವ ಯಂತ್ರಭಾಗದ, ಟೋಟಲ್ ಗುಂಡಿ ಒತ್ತಿದಾಗ 809 ಬರಬೇಕು. 810 ಬಂದರೂ ತಪ್ಪು, 808 ಬಂದರೂ ತಪ್ಪು. ಇದರ ಜೊತೆಗೆ ಕಂಟ್ರೋಲ್ ಯೂನಿಟ್, ಮತದಾರ ಗುಂಡಿ ಒತ್ತುವ ಬ್ಯಾಲೆಟ್ ಯೂನಿಟ್, ಮತದ ಚೀಟಿ ಮುದ್ರಿಸುವ ವಿವಿಪ್ಯಾಟ್‌ಗಳ ಸಂಖ್ಯೆ ಮತ್ತು ಪೇಪರ್ ಸೀಲ್‌ಗಳ ಲೆಕ್ಕ ಅದೇ ಹಾಳೆಯಲ್ಲಿರುತ್ತವೆ. ಎಣಿಕೆಯ ಮೇಜಿಗೆ ಬಂದ ಯಂತ್ರ ನಮ್ಮ ಬೂತಿನದೇ ಎಂದು ಹೊರಗಿನವನೊಬ್ಬ ಖಾತ್ರಿ ಮಾಡಿಕೊಳ್ಳಲು ಕೈಯಲ್ಲಿರುವ ಮುಖ್ಯ ಸಾಧನ ಇದು.

ಲೆಕ್ಕ ತಪ್ಪುವುದು ಎಲ್ಲಿ? ಬಹುಪಾಲು ಬೆಳಗಿನ ಜಾವದಲ್ಲೇ. ಮತದಾನ ಏಳಕ್ಕೆ ಶುರುವಾದರೆ ಐದೂವರೆಗೆ ಅಣಕು ಮತದಾನ. ಏಜೆಂಟರು ಬಾರದಿದ್ದರೆ ಕಾಲು ಗಂಟೆ ಕಾದು ಶುರುಮಾಡುತ್ತಾರೆ. ನೋಟಾ ಸೇರಿ ಎಲ್ಲ ಗುಂಡಿಗಳಿಗೂ ಬೀಳುವಂತೆ ಕನಿಷ್ಠ 50 ಮತ ಹಾಕಿ, ಕ್ಲೋಸ್, ರಿಸಲ್ಟ್, ಕ್ಲಿಯರ್ ಈ ಮೂರನ್ನೂ ಇದೇ ಕ್ರಮದಲ್ಲಿ ಒತ್ತಬೇಕು. ವಿವಿಪ್ಯಾಟ್ ಡಬ್ಬಿಯಲ್ಲಿ ಬಿದ್ದ ಚೀಟಿಗಳನ್ನು ತೆಗೆದು, ಬೆನ್ನಿಗೆ ಅಣಕು ಮತದಾನದ ಮೊಹರು ಒತ್ತಿ, ಕಪ್ಪು ಲಕೋಟೆಗೆ ಹಾಕಿ ಸೀಲ್ ಮಾಡಬೇಕು. ಅಷ್ಟು ಹೊತ್ತಿಗೆ ಹೊರಗೆ ಸಾಲು ಬೆಳೆದಿರುತ್ತದೆ, ಸೆಕ್ಟರ್ ಅಧಿಕಾರಿಯ ಫೋನು ಬಿಟ್ಟೂಬಿಡದೆ ಬಡಿದುಕೊಳ್ಳುತ್ತಿರುತ್ತದೆ. ಆ ಗಡಿಬಿಡಿಯಲ್ಲಿ ಈ ಮೂರನ್ನೂ ಒತ್ತದೆ ಮತದಾನ ಶುರುಮಾಡಿದರೆ ಸಂಜೆ 809ರ ಬದಲು 859. ಕ್ಲಿಯರ್ ಒತ್ತಿ ಚೀಟಿ ತೆಗೆಯುವುದನ್ನು ಮರೆತರೆ ಯಂತ್ರದ ಲೆಕ್ಕ ಸರಿಯಿರುತ್ತದೆ, ಚೀಟಿಯ ಲೆಕ್ಕ ಕೆಡುತ್ತದೆ. ಮೋಸಕ್ಕೂ ಮರೆವಿಗೂ ವ್ಯತ್ಯಾಸ ಹೇಳಬಲ್ಲವನು ಆ ಹೊತ್ತಿನಲ್ಲಿ ಪಕ್ಕದಲ್ಲಿ ಕೂತಿದ್ದ ಏಜೆಂಟ್ ಮಾತ್ರ. ಅವನು ಬರುವುದು ತಿಂಡಿ ಮುಗಿಸಿಕೊಂಡು ಎಂಟಕ್ಕೆ!

ಹಗಲಿನ ತಪ್ಪುಗಳು ಚಿಕ್ಕವು. 17ಎಯಲ್ಲಿ 399 ಆದ ಮೇಲೆ 401 ಬರೆದುಬಿಡುವುದು ಒಂದು. ಇನ್ನೊಂದು, ಮತದಾರ ಗುಂಡಿ ಒತ್ತದೆ ಹೊರಟುಹೋಗುವುದು. ಆಗ ಕಂಟ್ರೋಲ್ ಯೂನಿಟ್ಟಿನ ಬ್ಯಾಲೆಟ್ ಗುಂಡಿಯನ್ನು ಮತ್ತೆ ಒತ್ತದೆ ಮುಂದಿನವರನ್ನು ಕಳಿಸಿ, ಹೋದವರ ಹೆಸರಿನ ಮುಂದೆ ಷರಾ ಬರೆಯಬೇಕು. ತನ್ನ ಮತವನ್ನು ಬೇರೆ ಯಾರೋ ಹಾಕಿಹೋಗಿದ್ದಾರೆ ಎಂದು ಬಂದವರಿಗೆ ಕಾಗದದ ಟೆಂಡರ್ ಬ್ಯಾಲೆಟ್ ಕೊಡುತ್ತಾರೆ, ಅವರ ಹೆಸರು 17ಬಿಗೆ ಹೋಗಬೇಕು. ಅಭ್ಯಾಸಬಲದಿಂದ 17ಎಗೆ ಬರೆದರೆ ಅಲ್ಲೊಂದು ಹೆಚ್ಚಾಯಿತು. ಚೀಟಿಯಲ್ಲಿ ಬೇರೆ ಚಿಹ್ನೆ ಬಂತು ಎಂದು ಯಾರಾದರೂ ಲಿಖಿತವಾಗಿ ದೂರಿದರೆ ಏಜೆಂಟರ ಎದುರಲ್ಲೇ ಪರೀಕ್ಷಾ ಮತ ಹಾಕಿಸುತ್ತಾರೆ. ದೂರು ನಿಜವಾದರೆ ಮತದಾನ ಅಲ್ಲಿಗೇ ನಿಲ್ಲುತ್ತದೆ. ಸುಳ್ಳಾದರೆ, ಆ ಪರೀಕ್ಷಾ ಮತ ಯಾರಿಗೆ ಬಿತ್ತೋ ಅವರ ಲೆಕ್ಕದಿಂದ ಎಣಿಕೆ ದಿನ ಒಂದು ಕಳೆಯಬೇಕು. ಅದನ್ನು ನೆನಪಿಸುವುದೂ ಈ 17ಸಿಯೇ.

ಸಂಜೆಯ ಕಥೆ ಬೇರೆ. ಆರು ಗಂಟೆಗೆ ಸಾಲಿನಲ್ಲಿದ್ದವರಿಗೆ ಬಾಲದಿಂದ ತಲೆಯ ಕಡೆಗೆ ಚೀಟಿ ಕೊಟ್ಟುಕೊಂಡು ಬರುತ್ತಾರೆ, ಹೊಸಬರು ಹಿಂದೆ ಸೇರದಿರಲೆಂದು. ಕೊನೆಯವರು ಮತ ಹಾಕಿದ ಮೇಲೆ ಕ್ಲೋಸ್ ಒತ್ತಬೇಕು. ಒತ್ತದೆ ಸೀಲ್ ಮಾಡಿ ಕಳಿಸಿದರೆ ಎಣಿಕೆ ದಿನ ರಿಸಲ್ಟ್ ಗುಂಡಿ ಕೆಲಸ ಮಾಡದು. ಆಮೇಲೆ ಲಕೋಟೆಗಳ ರಾಶಿ, ಅರಗಿನ ವಾಸನೆ, ಡಿ-ಮಸ್ಟರಿಂಗ್‌ಗೆ, ಅಂದರೆ ಯಂತ್ರ, ಕಾಗದಗಳನ್ನು ಮರಳಿಸಲು, ಹೊರಡುವ ಬಸ್ಸಿನವನ ಹಾರ್ನು. 17ಸಿ ತುಂಬುವುದು ಈ ಹೊತ್ತಿನಲ್ಲಿ. ಏಜೆಂಟರು ಐದು ಗಂಟೆಗೇ ‘ನಮ್ಮದು ಲೀಡ್’ ಎಂದು ಎದ್ದು ಹೋಗಿರುತ್ತಾರೆ. ಉಳಿದ ಒಬ್ಬಿಬ್ಬರು ಓದದೆ ಸಹಿ ಮಾಡಿ, ನಕಲನ್ನು ನಾಲ್ಕಾಗಿ ಮಡಚಿ ಅಂಗಿ ಜೇಬಿಗೆ ಹಾಕಿಕೊಳ್ಳುತ್ತಾರೆ. ಅಂಗಿ ಮರುದಿನ ಒಗೆಯಲು ಹೋಗುತ್ತದೆ. 2024ರಲ್ಲಿ ಏಪ್ರಿಲ್ 26ಕ್ಕೆ ಮತ ಹಾಕಿದ 14 ಕ್ಷೇತ್ರಗಳ ಎಣಿಕೆ ಜೂನ್ 4ಕ್ಕೆ ಆಯಿತು. ಮೂವತ್ತೊಂಬತ್ತು ದಿನ ಅಂಗಿ ಜೇಬಿನಲ್ಲಿ ಕಾಗದ ಉಳಿಯುವುದಿಲ್ಲ.

ಮಾಡಬೇಕಾದದ್ದು ಇಷ್ಟೇ. ಪಕ್ಷದವರು ಪ್ರತಿ ಮತಗಟ್ಟೆಗೆ ಕೊನೆಯವರೆಗೂ ಕೂರಬಲ್ಲ ಒಬ್ಬರನ್ನು ನಮೂನೆ 10ರಲ್ಲಿ ಹೆಸರಿಸಲಿ. ಬದಲಿಗೆ ಇಬ್ಬರಿರಬಹುದು, ಒಳಗೆ ಒಂದು ಹೊತ್ತಿಗೆ ಒಬ್ಬರೇ. 17ಎಯ ಕೊನೆಯ ಸಂಖ್ಯೆ, ಯಂತ್ರದ ಟೋಟಲ್, ಕಂಟ್ರೋಲ್ ಯೂನಿಟ್ ಸಂಖ್ಯೆ ಮೂರನ್ನೂ ಕಣ್ಣಾರೆ ನೋಡಿ ಆಮೇಲೆ ಸಹಿ ಮಾಡಲಿ. ಮತಗಟ್ಟೆಯೊಳಗೆ ಮೊಬೈಲ್ ಇಲ್ಲ, ಹೊರಬಂದ ಕೂಡಲೇ ಹಾಳೆಯ ಫೋಟೊ ತೆಗೆದು ಕಳಿಸಲಿ, ಕೈಗೆ ಸಿಕ್ಕ ನಕಲು ರಾತ್ರಿಯೇ ಪಕ್ಷದ ತಾಲ್ಲೂಕು ಕಚೇರಿಯ ಫೈಲಿಗೆ ಸೇರಲಿ. ಒಂದು ಲೋಕಸಭಾ ಕ್ಷೇತ್ರಕ್ಕೆ ಎಂಟು ವಿಧಾನಸಭಾ ಕ್ಷೇತ್ರ, ಅಂದರೆ ಎಂಟು ಫೈಲು.

ಎಣಿಕೆ ದಿನ ಆ ಫೈಲನ್ನು ಮೇಜುವಾರು ಹಂಚುವುದು ಹೇಗೆ ಎಂದು ಹಲವರು ತಲೆ ಕೆಡಿಸಿಕೊಳ್ಳುತ್ತಾರೆ. ಸಾಮಾನ್ಯವಾಗಿ ಒಂದು ವಿಧಾನಸಭಾ ಕ್ಷೇತ್ರಕ್ಕೆ 14 ಮೇಜು, ಮತಗಟ್ಟೆಗಳು ಕ್ರಮಸಂಖ್ಯೆಯಂತೆ ಬರುತ್ತವೆ. ಮತಗಟ್ಟೆ ಸಂಖ್ಯೆಯನ್ನು 14ರಿಂದ ಭಾಗಿಸಿ. 100ನೆಯದಾದರೆ ಏಳು ಸುತ್ತಿಗೆ 98 ಮುಗಿದು ಎರಡು ಉಳಿಯುತ್ತದೆ, ಹಾಗಾಗಿ ಎಂಟನೇ ಸುತ್ತು, ಎರಡನೇ ಮೇಜು. ಶೇಷವೇ ಇಲ್ಲದಿದ್ದರೆ, ಉದಾಹರಣೆಗೆ 98, ಏಳನೇ ಸುತ್ತಿನ ಹದಿನಾಲ್ಕನೇ ಮೇಜು. ನಡುವೆ 57ಎ ಎಂಬಂಥ ಹೆಚ್ಚುವರಿ ಮತಗಟ್ಟೆ ಇದ್ದರೆ ಅಲ್ಲಿಂದ ಮುಂದಿನದೆಲ್ಲ ಒಂದೊಂದು ಮೇಜು ಸರಿಯುತ್ತದೆ. ಈ ಪಟ್ಟಿಯನ್ನು ಹಿಂದಿನ ದಿನವೇ ಮಾಡಿಟ್ಟುಕೊಂಡರೆ ಎಣಿಕೆ ಏಜೆಂಟ್ ತಂತಿಜಾಲರಿಯ ಈಚೆ ಕೂತು ಸಂಖ್ಯೆ ಹೋಲಿಸಬಹುದು. ಹೊಂದದ ಯಂತ್ರವನ್ನು ಪಕ್ಕಕ್ಕಿಡುತ್ತಾರೆ. 2024ರಲ್ಲಿ, ಹಾಗೆ ಪಕ್ಕಕ್ಕಿಟ್ಟ ಯಂತ್ರಗಳ ಒಟ್ಟು ಮತಕ್ಕಿಂತ ಗೆಲುವಿನ ಅಂತರ ಕಡಿಮೆಯಿದ್ದರೆ ಅವುಗಳ ವಿವಿಪ್ಯಾಟ್ ಚೀಟಿ ಎಣಿಸಬೇಕಿತ್ತು.

ಅಷ್ಟು ಸಣ್ಣ ಅಂತರ ಲೋಕಸಭೆಯಲ್ಲಿ ಎಲ್ಲಿ ಬರುತ್ತದೆ ಎನ್ನಬೇಡಿ. 2019ರಲ್ಲಿ ನಮ್ಮ ಚಾಮರಾಜನಗರದಲ್ಲಿ ವಿ. ಶ್ರೀನಿವಾಸಪ್ರಸಾದ್ ಅವರು ಆರ್. ಧ್ರುವನಾರಾಯಣ ಅವರ ವಿರುದ್ಧ ಗೆದ್ದದ್ದು 1,817 ಮತಗಳಿಂದ. ರಾಜ್ಯದ ಮತಗಟ್ಟೆಗಳನ್ನು 28ರಿಂದ ಭಾಗಿಸಿದರೆ ಒಂದು ಕ್ಷೇತ್ರಕ್ಕೆ ಸರಾಸರಿ ಎರಡು ಸಾವಿರ ಬರುತ್ತವೆ. ಮತಗಟ್ಟೆಗೆ ಒಂದು ಮತದಷ್ಟೂ ಅಂತರ ಇರಲಿಲ್ಲ ಎಂದಾಯಿತು. ಅದೇ ಧ್ರುವನಾರಾಯಣ 2004ರಲ್ಲಿ ಸಂತೇಮರಹಳ್ಳಿ ವಿಧಾನಸಭಾ ಕ್ಷೇತ್ರದಲ್ಲಿ ಗೆದ್ದಿದ್ದು ಒಂದೇ ಮತದಿಂದ!

ಸುಪ್ರೀಂ ಕೋರ್ಟು ಎಲ್ಲ ವಿವಿಪ್ಯಾಟ್ ಚೀಟಿಗಳನ್ನೂ ಎಣಿಸಬೇಕೆಂಬ ಬೇಡಿಕೆಯನ್ನು ತಳ್ಳಿಹಾಕಿದ್ದು ರಾಜ್ಯದ ಮೊದಲ ಹಂತದ ಮತದಾನ ನಡೆಯುತ್ತಿದ್ದ 2024ರ ಏಪ್ರಿಲ್ 26ರಂದೇ. ಆದರೆ ಎರಡನೇ, ಮೂರನೇ ಸ್ಥಾನದವರು ಫಲಿತಾಂಶ ಬಂದ ಏಳು ದಿನದೊಳಗೆ ಅರ್ಜಿ ಕೊಟ್ಟರೆ ವಿಧಾನಸಭಾ ಕ್ಷೇತ್ರವೊಂದರ ಶೇ 5ರಷ್ಟು ಯಂತ್ರಗಳ ಮೈಕ್ರೋ ಕಂಟ್ರೋಲರ್ (ಒಳಗಿನ ಚಿಪ್) ಪರಿಶೀಲಿಸಬಹುದು ಎಂದೂ ಹೇಳಿತು. ಆ ಬಾರಿ ಒಂದು ಸೆಟ್ಟಿಗೆ ತೆರಿಗೆ ಸೇರಿ 47,200 ರೂಪಾಯಿ ಕಟ್ಟಬೇಕಿತ್ತು. ಯಾವ ಮತಗಟ್ಟೆಯ ಯಂತ್ರ ಎಂದು ಆರಿಸಬೇಕಾದವನು ಅಭ್ಯರ್ಥಿ. 17ಸಿ ಫೈಲೇ ಇಲ್ಲದವನು ಯಾವುದನ್ನು ಆರಿಸುತ್ತಾನೆ? ಕಣ್ಣುಮುಚ್ಚಿ ಬೆರಳಿಡುತ್ತಾನೆ.

ಈ ಹಾಳೆಯಿಂದ ಎಲ್ಲ ಅಕ್ರಮವೂ ಸಿಕ್ಕಿಬೀಳುವುದಿಲ್ಲ. ಪಟ್ಟಿಯಲ್ಲೇ ಎರಡೆರಡು ಹೆಸರಿದ್ದರೆ, ಒಬ್ಬರ ಹೆಸರಲ್ಲಿ ಇನ್ನೊಬ್ಬರು ಮತ ಹಾಕಿದರೆ 17ಸಿಯ ಲೆಕ್ಕ ಕರಾರುವಾಕ್ಕಾಗಿ ಹೊಂದುತ್ತದೆ. ಅದಕ್ಕೆ ಬೇರೆ ಮದ್ದಿದೆ. ಗೈರಾದವರು, ವಾಸ ಬದಲಿಸಿದವರು, ಮೃತರು ಇವರ ಎಎಸ್‌ಡಿ ಪಟ್ಟಿ ಏಜೆಂಟನ ಬಳಿ ಇರಬೇಕು, ಅನುಮಾನ ಬಂದರೆ ಎರಡು ರೂಪಾಯಿ ಕಟ್ಟಿ ಅಲ್ಲೇ ಆಕ್ಷೇಪಿಸಬೇಕು. ಶುಲ್ಕ ಎರಡೇ ರೂಪಾಯಿಯಾದರೂ ಆಕ್ಷೇಪ ಎತ್ತುವವರು ಅಪರೂಪ, ಊರಲ್ಲಿ ಮುಖ ಕೆಡಿಸಿಕೊಳ್ಳಲು ಯಾರಿಗೂ ಇಷ್ಟವಿಲ್ಲ. 2024ರಲ್ಲಿ ಬೆಂಗಳೂರು ದಕ್ಷಿಣ ಕ್ಷೇತ್ರದಲ್ಲಿ ಶೇ 53ರ ಆಸುಪಾಸು ಮತದಾನವಾದದ್ದಕ್ಕೆ ‘ಶುಕ್ರವಾರದ ರಜೆ ಹಾಕಿ ಟ್ರಿಪ್ ಹೋದರು’ ಎಂದು ಬೈದದ್ದೂ ಅರ್ಧ ನ್ಯಾಯವಷ್ಟೇ. ಮನೆ ಬದಲಿಸಿ ನಮೂನೆ 8 ಕೊಡದವರ ಹೆಸರು ಹಳೆಯ ಪಟ್ಟಿಯಲ್ಲಿ ಕೂತಿರುವವರೆಗೆ ಶೇಕಡಾವಾರು ಏರುವುದಿಲ್ಲ.

ಶೇಕಡಾವಾರಿನ ಮಾತು ಬಂತು. ಎರಡು ಗಂಟೆಗೊಮ್ಮೆ ಬರುವ ಅಂಕಿ ಫೋನಿನಲ್ಲಿ, ಆ್ಯಪಿನಲ್ಲಿ ಕೊಟ್ಟ ಅಂದಾಜು. 17ಸಿ ಲೆಕ್ಕ ಸೇರಿದ ಮೇಲೆ ಅದು ಏರುವುದು ಸಹಜ. ಸಂಶಯಕ್ಕೆ ದಾರಿಯಾದದ್ದು ತಡ: 2024ರ ಏಪ್ರಿಲ್ 26ರ ಮತದಾನ ದೇಶದ ಲೆಕ್ಕದಲ್ಲಿ ಎರಡನೇ ಹಂತ, ಅದರ ಶೇ 66.71 ಎಂಬ ಅಂಕಿ ಏಪ್ರಿಲ್ 30ಕ್ಕೆ ಬಂತು, ಮತಗಳ ಸಂಖ್ಯೆ ಹೊರಬಿದ್ದದ್ದು ಮೇ 25ಕ್ಕೆ. 17ಸಿಯನ್ನು ಜಾಲತಾಣಕ್ಕೆ ಹಾಕಿದರೆ ಯಾರಾದರೂ ತಿದ್ದಿ ಹರಡುತ್ತಾರೆ ಎಂಬುದು ಚುನಾವಣಾ ಆಯೋಗದ ವಾದ. ಈ ವಾದ ನಮಗೆ ಒಪ್ಪಿಗೆಯಿಲ್ಲ. ಅಸಲು ಅಧಿಕೃತ ತಾಣದಲ್ಲಿದ್ದರೆ ತಿದ್ದಿದ್ದನ್ನು ಹೋಲಿಸಿ ಹಿಡಿಯಬಹುದು, ಅಸಲೇ ಕಾಣದಿದ್ದರೆ ತಿದ್ದಿದ್ದೇ ಅಸಲಾಗುತ್ತದೆ. ರಾಜ್ಯದ 58 ಸಾವಿರಕ್ಕೂ ಹೆಚ್ಚು ಮತಗಟ್ಟೆಗಳ ಹಾಳೆ ಸ್ಕ್ಯಾನ್ ಮಾಡುವುದು ಡಿ-ಮಸ್ಟರಿಂಗ್ ಕೇಂದ್ರದಲ್ಲೇ ಆಗಬಹುದಾದ ಕೆಲಸ, ಹಾಳೆಗಳು ಹೇಗೂ ಅಲ್ಲಿಗೇ ಬಂದು ಸೇರುತ್ತವೆ.

ಪತ್ರಿಕೆಗೂ ಒಂದು ಬಿನ್ನಹ. ಮತದಾನದ ಮರುದಿನ ಶೇಕಡಾವಾರಿನ ಜೊತೆಗೆ ವಿಧಾನಸಭಾ ಕ್ಷೇತ್ರವಾರು ಮತಗಳ ಸಂಖ್ಯೆಯನ್ನೂ ಕೇಳಿ ಪಡೆದು ಅಚ್ಚು ಹಾಕಿ. ಚುನಾವಣಾ ತಕರಾರು ಅರ್ಜಿಯನ್ನು ಹೈಕೋರ್ಟಿಗೆ ಸಲ್ಲಿಸಲು ಫಲಿತಾಂಶದಿಂದ 45 ದಿನ ಮಾತ್ರ ಅವಕಾಶ. ಆ ಒಳಗೆ ಹೋಲಿಸಿ ನೋಡುವವರಿಗೆ ಪತ್ರಿಕೆಯ ಆ ಪುಟವಾದರೂ ಸಿಗುತ್ತದೆ.

ಇತಿ,
ಮತಗಟ್ಟೆ ಸಿಬ್ಬಂದಿಗೆ ತರಬೇತಿ ನೀಡುತ್ತಿದ್ದ ನಿವೃತ್ತ ಉಪನ್ಯಾಸಕರಿಬ್ಬರು,
ಚಾಮರಾಜನಗರ