ಹತ್ತು ಒಂಟೆಗಳ ನೀರು

ಪ್ರೀತಿಯ ತಂಗಿ,

ನಿನ್ನ ಮೆಸೇಜು ಎರಡು ಸಲ ಓದಿದೆ. "ಅಕ್ಕೋರೆ, ನಾಲ್ಕು ತಿಂಗಳಾಯ್ತು, ಒಂದು ಕವಿತೆನೂ ಬರ್ತಿಲ್ಲ, ಮೂಡ್ ಬಂದಾಗ ಬರೀಲೋ, ದಿನಾ ಕೂತು ಬರೀಲೋ" ಅಂತ ಕೇಳಿದ್ದೀಯ. ದಿನಾ ಕೂತು ಬರೆ. ಯಾಕೆ ಅಂತ ಹೇಳುವುದಕ್ಕೆ ನನಗೆ ಬೈಬಲಿನ ರೆಬೆಕ್ಕಳ ಕತೆ ಬೇಕು.

ಮೊದಲ ಸಂಕಲನ ಬಂದ ಮೇಲೆ ಮೂರು ವರ್ಷ ನಾನೂ ಏನೂ ಬರೆಯಲಿಲ್ಲ. ದೊಡ್ಡ ಕವಿತೆ ಬರುತ್ತದೆ ಅಂತ ಕಾಯುತ್ತಾ ಇದ್ದೆ. ಆಗ ಒಂದು ಸಂಜೆ ನಮ್ಮ ಬೀದರ್ ಮನೆಯಲ್ಲಿ ಪ್ರಾರ್ಥನೆಗೆ ಹೆಣ್ಣುಮಕ್ಕಳು ಸೇರಿದ್ದರು. ಒಬ್ಬರು ಬೈಬಲಿನ ಮೊದಲ ಪುಸ್ತಕ ಆದಿಕಾಂಡದ 24ನೇ ಅಧ್ಯಾಯ ಓದಿದರು. ಅಬ್ರಹಾಮನ ಸೇವಕ ಒಡೆಯನ ಮಗ ಇಸಾಕನಿಗೆ ಹೆಣ್ಣು ಹುಡುಕುತ್ತಾ ಹತ್ತು ಒಂಟೆಗಳ ಜೊತೆ ದೂರದ ಊರಿಗೆ ಬಂದು, ಹೆಂಗಸರು ನೀರಿಗೆ ಬರುವ ಹೊತ್ತಲ್ಲಿ ಬಾವಿ ಹತ್ತಿರ ನಿಂತಿದ್ದಾನೆ. ರೆಬೆಕ್ಕ ಹೆಗಲ ಮೇಲೆ ಕೊಡ ಹೊತ್ತು ಬರುತ್ತಾಳೆ. ಅವನು ಕೇಳಿದ್ದು ಒಂದು ಗುಟುಕು. ಅವಳು ಕೊಟ್ಟಳು, ನಿನ್ನ ಒಂಟೆಗಳಿಗೂ ಸಾಕಾಗುವಷ್ಟು ತಂದು ಹಾಕುತ್ತೇನೆ ಅಂದಳು. ಸೇರಿದವರೆಲ್ಲಾ ಅವಳ ಒಳ್ಳೆಯ ಗುಣದ ಬಗ್ಗೆ ಮಾತಾಡಿದರು. ನಮ್ಮ ಅವ್ವ, ಹರೆಯದಲ್ಲಿ ಬೇಸಿಗೆಯಿಡೀ ಊರ ಬಾವಿಯಿಂದ ನೀರು ಹೊತ್ತವಳು, ಬೇರೆಯೇ ಕೇಳಿದಳು. "ಒಂಟಿ ಹತ್ತು, ಕೊಡ ಒಂದು. ಎಷ್ಟು ಸಲ ಇಳದು ಹತ್ಯಾಳೋ ಪಾಪ ಆ ಹುಡುಗಿ!"

ಅವತ್ತು ರಾತ್ರಿ ಲೆಕ್ಕ ಹಾಕಿದೆ. ಬಾಯಾರಿದ ಒಂಟೆ ಒಂದೇ ಸಲಕ್ಕೆ 100 ಲೀಟರ್ ವರೆಗೂ ಕುಡಿಯಬಲ್ಲದು. ಹತ್ತಕ್ಕೆ 1000. ಕೊಡ 12 ಲೀಟರ್ ಹಿಡಿಯುತ್ತದೆ ಅಂದುಕೊಂಡರೂ 80 ಸಲಕ್ಕಿಂತ ಜಾಸ್ತಿ. ಹೋಗಲಿ, ಒಂಟೆಗಳಿಗೆ ಅರ್ಧ ಬಾಯಾರಿಕೆ ಅನ್ನು, 40 ಸಲ. ಅಷ್ಟು ಸಲ ಇಳಿದು, ತುಂಬಿ, ಹೊತ್ತು, ತೊಟ್ಟಿಗೆ ಸುರಿದು, ಮತ್ತೆ ಓಡಿದಳು. ಸೇವಕ ಮಾತಾಡದೆ ಸುಮ್ನೆ ನೋಡುತ್ತಾ ನಿಂತಿದ್ದ ಅಂತ ಬರೆದಿದೆ. ಶಭಾಷ್ ಅನ್ನಲಿಲ್ಲ, ಇದು ಹೆಣ್ಣು ಆರಿಸುವ ಪರೀಕ್ಷೆ ಅಂತಲೂ ಹೇಳಲಿಲ್ಲ. ಅವಳಿಗೆ ಕೊಡಲು ಮೂಗುತಿ, ಬಳೆ ಹೊರಗೆ ತೆಗೆದದ್ದು ಒಂಟೆಗಳು ಕುಡಿದು ಮುಗಿಸಿದ ಮೇಲೆ.

ಮಾರನೇ ದಿನದಿಂದ ದಿನಕ್ಕೆ ಹತ್ತು ಸಾಲು ಬರೆಯಲು ಶುರು ಮಾಡಿದೆ. ಒಂಟೆಗೊಂದು ಸಾಲು. ಕವಿತೆಯ ಸಾಲಲ್ಲ, ತಪ್ಪು ತಿಳಿಯಬೇಡ. ಕಂಡದ್ದು, ಕೇಳಿದ್ದು, ಮೂಗಿಗೆ ಬಡಿದದ್ದು. ಬೆಳಗ್ಗೆ ಐದಕ್ಕೆ, ಚಹಾ ಇಡುವ ಮುಂಚೆ, 200 ಪೇಜಿನ ನೋಟ್‌ಬುಕ್ಕಿನಲ್ಲಿ. ಮೊದಲ ಎರಡು ಮೂರು ಸಾಲು ಯಾವಾಗಲೂ ಕಸವೇ, ಬೆಳಗಿನ ಮೊದಲ ಕೊಡದಲ್ಲಿ ಬೇವಿನ ಎಲೆ ತೇಲಿಕೊಂಡು ಬರುತ್ತದಲ್ಲ, ಹಾಗೆ. ಚೆಲ್ಲಿ ಇನ್ನೊಂದು ತುಂಬಬೇಕು ಅಷ್ಟೇ.

ಒಂದು ಸಾಲು ತೋರಿಸುತ್ತೇನೆ. "ಆಚೆಮನೆಯ ರೊಟ್ಟಿ ಬಡಿಯುವ ಸದ್ದು ಇವತ್ತು ಎರಡಕ್ಕೇ ನಿಂತಿತು." ದಿನಾ ಎಂಟು ಹತ್ತು ರೊಟ್ಟಿ ಆಗುತ್ತಿದ್ದ ಮನೆ ಅದು. ಮಗ ಸೊಸೆ ಮಕ್ಕಳೆಲ್ಲಾ ಹೈದರಾಬಾದಿಗೆ ಹೋಗಿದ್ದರು, ಮುದುಕಿ ಒಬ್ಬಳೇ ಉಳಿದಿದ್ದಳು ಅಂತ ನನಗೆ ಗೊತ್ತಾದದ್ದು ಒಂದು ವಾರದ ಮೇಲೆ. ಕಿವಿಗೆ ಮೊದಲೇ ಗೊತ್ತಾಗಿತ್ತು. ಆ ಸಾಲು ಏಳು ತಿಂಗಳು ಹಾಗೇ ಬಿದ್ದಿತ್ತು, ಆಮೇಲೆ ಕವಿತೆಯಾಯಿತು. ಮೂಡ್ ಬರಲಿ ಅಂತ ಕೂತಿದ್ದರೆ ಆ ಸದ್ದನ್ನು ಎಲ್ಲಿಂದ ತರುತ್ತಿದ್ದೆ ಹೇಳು.

ಹತ್ತಕ್ಕಿಂತ ಜಾಸ್ತಿ ಬೇಡ. ಹುರುಪು ಬಂದ ದಿನ ನಲವತ್ತು ಬರೆದು ಮರುದಿನ ಕೈಬಿಡುವವರನ್ನು ತುಂಬಾ ನೋಡಿದ್ದೇನೆ. ಇಲ್ಲಿ ನನಗೆ ನಮ್ಮ ಕಲ್ಯಾಣದ ಆಯ್ದಕ್ಕಿ ಲಕ್ಕಮ್ಮ ನೆನಪಾಗುತ್ತಾಳೆ. ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಜಾಸ್ತಿ ಅಕ್ಕಿ ಆಯ್ದು ತಂದಾಗ, ಇಷ್ಟು ನಮಗೆ ಯಾಕೆ, ಅಲ್ಲೇ ಸುರಿದು ಬಾ ಅಂದವಳು. ನನ್ನ ಮೇಜಿನ ಹತ್ತಿರ ಅವಳಿಗೂ ರೆಬೆಕ್ಕಳಿಗೂ ಜಗಳವೇ ಇಲ್ಲ.

ನೀನು ದಿನಾ ಭಾಲ್ಕಿಯಿಂದ ಬಸ್ಸಿನಲ್ಲಿ ಓಡಾಡುವವಳು, ಐದಕ್ಕೆ ಏಳು ಅನ್ನುವುದಿಲ್ಲ. ಬಸ್ಸಿನಲ್ಲೇ ಬರೆ. ಸೀಟು ಸಿಗದಿದ್ದರೆ ಫೋನಿನಲ್ಲಿ ಹಾಕಿಕೋ, ರಾತ್ರಿ ನೋಟ್‌ಬುಕ್ಕಿಗೆ ಇಳಿಸು. ಸ್ಟೇಟಸ್‌ಗೆ ಮಾತ್ರ ಹಾಕಬೇಡ.

ನಡುವೆ ಬಿಟ್ಟುಹೋಗುತ್ತದೆ, ಅದಕ್ಕೆ ಹೆದರಬೇಡ. ಅವ್ವ ತೀರಿಕೊಂಡಾಗ ನನಗೆ ಐದು ತಿಂಗಳು ಬಿಟ್ಟುಹೋಗಿತ್ತು. ಆಗ ರೆಬೆಕ್ಕಳ ಗಂಡ ಮಾಡಿದ್ದು ನೆನಪಾಯಿತು. ಅಪ್ಪನ ಕಾಲದ ಬಾವಿಗಳಿಗೆ ಫಿಲಿಷ್ಟಿಯರು ಅನ್ನುವ ಜನ ಮಣ್ಣು ಮುಚ್ಚಿದ್ದರು. ಇಸಾಕ ಅವನ್ನೇ ಮತ್ತೆ ತೋಡಿಸಿ, ಅಪ್ಪ ಇಟ್ಟಿದ್ದ ಹೆಸರನ್ನೇ ಇಟ್ಟ. ನಮ್ಮ ನೌಬಾದಿನ ಕಾರೇಜ್ ನೋಡಿದ್ದೀಯ ಅಲ್ವಾ, ಬಹಮನಿ ಕಾಲದ ಸುರಂಗ ಬಾವಿ? ಕೆಂಪು ಕಲ್ಲು ಕೊರೆದು ನೆಲದೊಳಗೇ ನೀರು ಹರಿಸಿದ್ದಾರೆ, ಮೇಲೆ ಸಾಲಾಗಿ ಬಾವಿಗಳ ಬಾಯಿ. ಎಷ್ಟೋ ಕಾಲ ಹೂಳು ತುಂಬಿಕೊಂಡಿತ್ತು, ತೆಗೆದಾಗ ಒಳಗೆ ನೀರಿತ್ತು. ಐದು ತಿಂಗಳ ಮೇಲೆ ನಾನು ಹೊಸ ನೋಟ್‌ಬುಕ್ ಕೊಳ್ಳಲಿಲ್ಲ. ಹಳೆಯದನ್ನೇ ತೆಗೆದು, ನಿಂತ ಸಾಲಿನ ಕೆಳಗೆ ಅವತ್ತಿನ ತಾರೀಖು ಹಾಕಿದೆ.

ಇನ್ನೊಂದು ಮಾತು. ಆ ಅಧ್ಯಾಯ 67 ವಚನಗಳಷ್ಟು ಉದ್ದ. ಸೇವಕ ನಡೆದದ್ದನ್ನೆಲ್ಲಾ ಅವಳ ಮನೆಯವರಿಗೆ ಮತ್ತೊಮ್ಮೆ ಹೇಳುತ್ತಾನೆ, ಅಣ್ಣ ಮಾತಾಡುತ್ತಾನೆ, ತಾಯಿ ಮಾತಾಡುತ್ತಾಳೆ. ಕೊನೆಗೆ ರೆಬೆಕ್ಕಳನ್ನೇ ಕರೆದು ಇವನ ಜೊತೆ ಹೋಗುತ್ತೀಯಾ ಅಂತ ಕೇಳಿದರೆ, "ಹೋಗುತ್ತೇನೆ" ಅಂದಳು. ಒಂದೇ ಪದ. ಕವಿತೆ ಉದ್ದವಾಗುತ್ತಿದೆ ಅನ್ನಿಸಿದಾಗ ಆ ಜಾಗ ತೆಗೆದು ಓದು.

ಕ್ರಿಸ್ಮಸ್ ರಜೆಯಲ್ಲಿ ಮನೆಗೆ ಬಾ. ನೋಟ್‌ಬುಕ್ ತಾ. ತೆರೆದು ತೋರಿಸಬೇಕಿಲ್ಲ, ಎಷ್ಟು ಪುಟ ತುಂಬಿದೆ ಅಂತ ಹೊರಗಿನಿಂದ ನೋಡಿದರೆ ಸಾಕು ನನಗೆ.

ನಿನ್ನ ಅಕ್ಕೋರು
ಬೀದರ್